ಫುಟ್‌ಪಾತ್‌ನಿಂದ ಸೂರಿಗೆ: ಮೊದಲ ಹೆಜ್ಜೆ ಯಾವುದು?

ಕೋಲ್ಕತ್ತಾದ ಸೆಕ್ಟರ್ ಫೈವ್‌ಗೆ ಕೆಲಸಕ್ಕೆ ಬಂದ ನಮಗೆ ಫುಟ್‌ಪಾತ್‌ನಲ್ಲೇ ಮಲಗುವ ಅಜ್ಜ ದಿನಾ ಕಾಣಿಸ್ತಾರೆ. ಕರ್ಕೊಂಡು ಹೋಗಿ ಎಲ್ಲಾದರೂ ಸೇರಿಸಿಬಿಡೋಣ ಅನ್ಸುತ್ತೆ. ಆದರೆ ನಂಬಿಕೆ ಹುಟ್ಟದೆ ಸೇರಿಸಿದರೆ ಅವರು ವಾಪಸ್ ಬೀದಿಗೇ ಬರಬಹುದು. ಅವರ ಗಂಟುಮೂಟೆ, ಪರಿಚಯದ ಜನ ಎಲ್ಲ ಇರೋದು ಅಲ್ಲೇ ತಾನೆ?

ಇದೇ ಊರಿನ ‘ಈಶ್ವರ ಸಂಕಲ್ಪ’ ಸಂಸ್ಥೆ 2007ರಿಂದ ಮಾನಸಿಕ ಕಾಯಿಲೆ ಇರುವ ಮನೆಯಿಲ್ಲದವರ ಜೊತೆ ಕೆಲಸ ಮಾಡ್ತಿದೆ. ಅವರ ‘ನಯಾ ದೌರ್’ ಕಾರ್ಯಕ್ರಮದಲ್ಲಿ ಚಿಕಿತ್ಸೆ ಶುರುವಾಗೋದೇ ಬೀದಿಯಲ್ಲಿ. ಊಟ, ಮಾತ್ರೆ ನೋಡಿಕೊಳ್ಳೋದು ಚಹಾ ಅಂಗಡಿಯವರಂಥ ನೆರೆಹೊರೆಯವರು.

ನಾವೂ ಹಾಗೇ ಶುರು ಮಾಡೋಣ. ಅಜ್ಜನ ಹೆಸರು ಕೇಳಿ, ಪಕ್ಕದ ಅಂಗಡಿಯವರನ್ನು ಮಾತಾಡಿಸಿ. ಅಜ್ಜ ಒಪ್ಪಿದ ಮೇಲೆ ಹಿರಿಯರ ಉಚಿತ ಸಹಾಯವಾಣಿ 14567ಕ್ಕೆ ಕರೆ ಮಾಡಿ. ಮನೆಯಿಲ್ಲದ ಹಿರಿಯರಿಗೆ ನೆರವಾಗೋದೂ ಅದರ ಕೆಲಸ. ಸೇರಿಸಿದ ಮೇಲೂ ಆಗಾಗ ಹೋಗಿ ಮಾತಾಡಿಸಿ ಬನ್ನಿ.