ವೃತ್ತಿ ಜಾನಪದ ಮತ್ತು ಸಂಸ್ಥೆಗಳ ಆಂತರಿಕ ಜಾಲ

ಜಾನಪದವು ಹಳ್ಳಿಗೆ, ಅನಕ್ಷರಸ್ಥರಿಗೆ ಸೇರಿದ್ದೆಂಬ ಗ್ರಹಿಕೆಯನ್ನು ನಮ್ಮ ಅಧ್ಯಯನಗಳು ಬಿಟ್ಟುಕೊಟ್ಟು ಬಹುಕಾಲವಾಯಿತು. ಒಂದೇ ಕಸುಬಿನ ಜನ ಕಲೆಯುವೆಡೆಯಲ್ಲೆಲ್ಲ ಅದು ಹುಟ್ಟುತ್ತದೆ. ಆದರೂ ದೊಡ್ಡ ಕಂಪನಿಗಳು ನೌಕರರ ಅರಿವನ್ನು ಕೂಡಿಡಲು ಕಟ್ಟಿಕೊಂಡಿರುವ ಆಂತರಿಕ ಗಣಕಜಾಲಗಳನ್ನು ಈ ದೃಷ್ಟಿಯಿಂದ ನೋಡಿದವರು ನಮ್ಮಲ್ಲಿ ವಿರಳ.

ಮಾನವಶಾಸ್ತ್ರಜ್ಞ ಜೂಲಿಯನ್ ಆರ್ ಅವರು 1980ರ ದಶಕದಲ್ಲಿ ಅಮೆರಿಕದ ಜೆರಾಕ್ಸ್ ಕಂಪನಿಯ ದುರಸ್ತಿಗಾರರ ನಡುವೆ ಕ್ಷೇತ್ರಕಾರ್ಯ ನಡೆಸಿದರು. ಅದರ ಫಲವಾದ ಗ್ರಂಥ 1996ರಲ್ಲಿ ಪ್ರಕಟವಾಯಿತು. ದೋಷಗಳಿಗೆ ಪರಿಹಾರ ಸೂಚಿಸುವ ಕೈಪಿಡಿ ಆ ದುರಸ್ತಿಗಾರರ ಬಳಿ ಇದ್ದೇ ಇತ್ತು. ಯಂತ್ರವು ಕೈಪಿಡಿಯನ್ನು ಮೀರಿ ಕೆಟ್ಟಾಗ ನೆರವಿಗೆ ಬರುತ್ತಿದ್ದುದು ಊಟದ ವೇಳೆಯಲ್ಲಿ ತಮ್ಮತಮ್ಮಲ್ಲೇ ಹೇಳಿಕೊಂಡ ಕಥನಗಳು. ಕೆಟ್ಟ ಯಂತ್ರದ ಮುಂದೆ ನಿಂತ ಇಬ್ಬರು ಹಿಂದೆ ಕಂಡ ಪ್ರಸಂಗಗಳನ್ನು ಒಬ್ಬರಾದ ಮೇಲೊಬ್ಬರು ಹೇಳುತ್ತ ಹೋಗಿ, ಇಬ್ಬರಿಗೂ ಮೊದಲು ತಿಳಿಯದಿದ್ದ ಕಾರಣವನ್ನು ಕಂಡುಕೊಳ್ಳುವ ಸನ್ನಿವೇಶವೊಂದು ಆ ಗ್ರಂಥದಲ್ಲಿದೆ. ಇಲ್ಲಿ ಹೇಳುವ ಕ್ರಿಯೆಯಲ್ಲೇ ಜ್ಞಾನ ಸೃಷ್ಟಿಯಾಗುತ್ತಿದೆ. ಸೋಬಾನೆ ಹಾಡುವವರ ನಡುವೆ ಕುಳಿತವರಿಗೆ ಇದು ಅಪರಿಚಿತವೇನಲ್ಲ.

ಈ ಕಥನಗಳನ್ನು ಊಟದ ಮೇಜಿನಾಚೆಗೆ ಒಯ್ಯಲು 1990ರ ದಶಕದಲ್ಲಿ ಅದೇ ಕಂಪನಿಯಲ್ಲಿ 'ಯುರೇಕಾ' ಎಂಬ ವ್ಯವಸ್ಥೆ ರೂಪುಗೊಂಡಿತು. ಅದು ಮೊದಲು ಬೇರೂರಿದ್ದು ಫ್ರಾನ್ಸಿನಲ್ಲಿ. ದುರಸ್ತಿಗಾರನು ತಾನು ಕಂಡುಕೊಂಡ ಉಪಾಯವನ್ನು ಬರೆಯುತ್ತಿದ್ದನು. ಅನುಭವಿ ಸಹೋದ್ಯೋಗಿಗಳು ಪರಿಶೀಲಿಸಿದ ಮೇಲೆ ಅದು ಬರೆದವನ ಹೆಸರಿನೊಡನೆ ಎಲ್ಲರಿಗೂ ತಲುಪುತ್ತಿತ್ತು. ಹಣದ ಬಹುಮಾನದ ಮಾತು ಬಂದಾಗ ದುರಸ್ತಿಗಾರರು ಅದನ್ನು ಒಪ್ಪಲಿಲ್ಲ. ಹೆಸರಿರಲಿ, ಅಷ್ಟು ಸಾಕು ಎಂಬುದು ಅವರ ನಿಲುವಾಗಿತ್ತು.

ಬೆಂಗಳೂರಿನ ಇನ್ಫೋಸಿಸ್ ಸಂಸ್ಥೆಯ 'ಕೆ-ಶಾಪ್' ಬೇರೊಂದು ದಾರಿ ಹಿಡಿಯಿತು. ಬರೆದವರಿಗೆ ಅಂಕಗಳು ದೊರೆಯುತ್ತಿದ್ದವು. ಅಂಕಗಳನ್ನು ಹಣ ಅಥವಾ ಉಡುಗೊರೆಯಾಗಿ ಬದಲಿಸಿಕೊಳ್ಳಬಹುದಿತ್ತು. ಬರಹಗಳು ರಾಶಿಯಾದವು, ಆದರೆ ಗುಣಮಟ್ಟ ಪ್ರಶ್ನೆಯಾಯಿತು. ಸಂಸ್ಥೆಯೇ ನಿಯಮಗಳನ್ನು ತಿದ್ದಬೇಕಾಯಿತು. ರಘು ಗರುಡ್ ಮತ್ತು ಅರುಣ್ ಕುಮಾರಸ್ವಾಮಿ ಅವರ 2005ರ ಅಧ್ಯಯನ ಇದನ್ನು ವಿವರವಾಗಿ ದಾಖಲಿಸಿದೆ. ಬಹುಮಾನವೇ ಕೆಟ್ಟದ್ದೆಂದು ಇದರಿಂದ ತೀರ್ಮಾನಿಸಲಾಗದು. ಕೇಳುವವರು ಯಾರೆಂದು ತಿಳಿಯದೆ ಬರೆದ ಬರಹ ಸೊರಗುತ್ತದೆ ಎನ್ನುವುದಷ್ಟೇ ನನ್ನ ಅಭಿಪ್ರಾಯ.

ಕಂಪನಿಗಳ ಕುರಿತು ಹೀಗೆ ಬರೆಯುವಾಗ ನಮ್ಮ ಸಂಗ್ರಹಗಳೂ ನೆನಪಾಗುತ್ತವೆ. ನಮ್ಮ ಎಷ್ಟೋ ಆರಂಭಿಕ ಸಂಕಲನಗಳಲ್ಲಿ ಸಂಪಾದಕರ ಹೆಸರು ಮುಖಪುಟದಲ್ಲಿದೆ, ಹಾಡಿದವರ ಹೆಸರು ಎಲ್ಲಿಯೂ ಇಲ್ಲ. ನನ್ನ ಮೊದಲ ಕ್ಷೇತ್ರಕಾರ್ಯದ ಟಿಪ್ಪಣಿ ಪುಸ್ತಕದಲ್ಲಿ ಹನ್ನೊಂದು ಬೀಸುವ ಪದಗಳಿವೆ. ವಕ್ತೃವಿನ ವಿವರದ ಜಾಗದಲ್ಲಿ 'ಮಹಿಳೆ, ಸುಮಾರು 60 ವರ್ಷ' ಎಂದಷ್ಟೇ ಬರೆದುಕೊಂಡಿದ್ದೇನೆ.