ಸಾಕುಪ್ರಾಣಿಗಳು ಮತ್ತು ಅಹಿಂಸಾಣುವ್ರತದ ಐದು ಅತಿಚಾರಗಳು

ಅಹಿಂಸಾಣುವ್ರತವೆಂದರೆ ಕೊಲ್ಲದಿರುವುದಷ್ಟೇ ಅಲ್ಲ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ 7ನೇ ಅಧ್ಯಾಯದಲ್ಲಿ ಈ ವ್ರತದ ಐದು ಅತಿಚಾರಗಳನ್ನು ತಿಳಿಸಿದ್ದಾರೆ. ರಾಜಾಜಿನಗರ, ವಿಜಯನಗರದ ಮನೆಗಳಲ್ಲಿ ನಾಯಿ, ಬೆಕ್ಕು, ಗಿಳಿ ಸಾಕುವ ಶ್ರಾವಕರು ಇವನ್ನು ಅರಿತಿರಬೇಕು.

1. ಬಂಧ: ನಾಯಿಯನ್ನು ಗಿಡ್ಡ ಸರಪಳಿಯಲ್ಲಿ ದಿನವಿಡೀ ಕಟ್ಟಬಾರದು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲೂ ಇದು ಅಪರಾಧ. ನಮ್ಮ ನಾಡಿನ ಹಸಿರು ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ವಿರುದ್ಧ. ಹಾಗೆಂದು ಏಕಾಏಕಿ ಹಾರಿಬಿಡಬಾರದು. ಹಾರಾಟದ ರೂಢಿ ತಪ್ಪಿದ ಗಿಳಿ ಹದ್ದು, ಬೆಕ್ಕುಗಳ ಪಾಲಾಗಬಹುದು. ಅರಣ್ಯ ಇಲಾಖೆಗಾಗಲಿ, ಕೆಂಗೇರಿಯಲ್ಲಿರುವ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ರಕ್ಷಣಾ ಕೇಂದ್ರಕ್ಕಾಗಲಿ ತಿಳಿಸಬೇಕು.

2. ವಧ: ಇಲ್ಲಿ ಇದರ ಅರ್ಥ ಕೋಲು, ಚಾವಟಿಗಳಿಂದ ಹೊಡೆಯುವುದು. ಏಟು ತಿಂದ ನಾಯಿ ಕಲಿಯುವುದಿಲ್ಲ, ಹೆದರಿ ಕಚ್ಚುತ್ತದೆ.

3. ಛೇದ: ಅಂದಕ್ಕಾಗಿ ಬಾಲ, ಕಿವಿ ಕತ್ತರಿಸುವುದು, ಹಾರದಿರಲೆಂದು ರೆಕ್ಕೆ ಕತ್ತರಿಸುವುದು.

4. ಅತಿಭಾರಾರೋಪಣ: ಶಕ್ತಿ ಮೀರಿ ಹೊರೆ ಹೊರಿಸುವುದು. ಮಾರುವ ಆಸೆಯಿಂದ ಹೆಣ್ಣುನಾಯಿಗೆ ಪದೇ ಪದೇ ಮರಿ ಹಾಕಿಸುವುದನ್ನೂ ಇದಕ್ಕೆ ಸೇರಿಸಬಹುದು.

5. ಅನ್ನಪಾನನಿರೋಧ: ಹೊತ್ತಿಗೆ ಸರಿಯಾಗಿ ಆಹಾರ, ನೀರು ಕೊಡದಿರುವುದು. ಒಗ್ಗದ ಆಹಾರ ಕೊಡುವುದೂ ತಪ್ಪೇ. ಈರುಳ್ಳಿ, ಬೆಳ್ಳುಳ್ಳಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ನಾಯಿ ಸರಿಯಾಗಿ ಹೊಂದಿಸಿದ ಸಸ್ಯಾಹಾರದಲ್ಲಿ ಬದುಕಬಲ್ಲದು. ಬೆಕ್ಕಿನ ವಿಷಯ ಬೇರೆ: ಮಾಂಸದಲ್ಲಿರುವ ಟೌರಿನ್ ಎಂಬ ಅಂಶವಿಲ್ಲದೆ ಬರೀ ಹಾಲು-ಅನ್ನದಲ್ಲಿ ಬೆಳೆದರೆ ಅದರ ಕಣ್ಣು, ಹೃದಯ ಕೆಡುತ್ತವೆ. ಮನೆಯಲ್ಲಿ ಈಗಾಗಲೇ ಬೆಕ್ಕಿದ್ದರೆ ಪಶುವೈದ್ಯರ ಸಲಹೆ ಪಡೆಯಬೇಕು. ಇಲ್ಲದಿದ್ದರೆ, ತರುವ ಮೊದಲೇ ಯೋಚಿಸಬೇಕು. ಸಾಕಲಾಗದ ಜೀವವನ್ನು ತರದಿರುವುದೂ ಜೀವದಯೆಯೇ.