ಕಲ್ಯಾಣದ ಕವಡೆ ಮತ್ತು ಕಾಣದ ದಾಳ

ಬಸವಕಲ್ಯಾಣವೆಂದೊಡನೆ ಹನ್ನೆರಡನೆಯ ಶತಮಾನದ ಶರಣರು ನೆನಪಾಗುವುದು ಸಹಜ. ಆದರೆ ಶರಣರ ಕಾಲಕ್ಕೆ ಒಂದು ತಲೆಮಾರು ಮೊದಲು ಇದೇ ಊರಿನ ಅರಮನೆಯಲ್ಲಿ ಬೇರೊಂದು ಬಗೆಯ ಬರವಣಿಗೆ ನಡೆದಿತ್ತು. ಅದು ಆಡಳಿತ, ಅಡುಗೆ, ಆನೆ, ಸಂಗೀತಗಳಿಂದ ಹಿಡಿದು ಪಗಡೆ, ಕವಡೆಗಳವರೆಗೆ ಎಲ್ಲವನ್ನೂ ಒಳಗೊಂಡ ಸಂಸ್ಕೃತ ವಿಶ್ವಕೋಶ 'ಮಾನಸೋಲ್ಲಾಸ'. 'ಅಭಿಲಷಿತಾರ್ಥ ಚಿಂತಾಮಣಿ' ಎಂಬುದು ಅದರ ಇನ್ನೊಂದು ಹೆಸರು. ಅದರ ಕರ್ತೃ 'ಭೂಲೋಕಮಲ್ಲ' ಎಂಬ ಬಿರುದಿನ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ. ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿ ದೇಗುಲದಲ್ಲಿ ಶಾಸನ ಬರೆಯುತ್ತಿರುವ ಶಿಲಾಬಾಲಿಕೆ ಹೊಗಳುವ ಆರನೆಯ ವಿಕ್ರಮಾದಿತ್ಯನ ಮಗ. 1126ರಿಂದ 1138ರವರೆಗೆ ಆಳಿದ ಈ ದೊರೆ ಗ್ರಂಥವನ್ನು 1130ರ ಆಸುಪಾಸಿನಲ್ಲಿ ರಚಿಸಿದನೆನ್ನಲಾಗಿದೆ.

ಗ್ರಂಥದಲ್ಲಿ ಐದು ಭಾಗಗಳಿವೆ. ಒಂದೊಂದರಲ್ಲೂ ಇಪ್ಪತ್ತು ಅಧ್ಯಾಯಗಳಂತೆ ಒಟ್ಟು ನೂರು. ನಾಲ್ಕನೆಯ ಭಾಗ ವಿನೋದಗಳಿಗೆ, ಐದನೆಯದು ಕ್ರೀಡೆಗಳಿಗೆ ಮೀಸಲು. ಮಲ್ಲರ ಕಾಳಗ, ಕೋಳಿ ಅಂಕ, ಟಗರಿನ ಕಾಳಗಗಳು ವಿನೋದಗಳ ಪೈಕಿ ಬರುತ್ತವೆ. ಒಗಟು, ಚದುರಂಗ, ಪಗಡೆ, ಕವಡೆ ಆಟಗಳು ಕ್ರೀಡೆಗಳ ಪೈಕಿ. ಎಂದರೆ ಪುಸ್ತಕದ ಐದರಲ್ಲಿ ಎರಡು ಪಾಲು ಆಟ, ಮನರಂಜನೆಗಳದೇ. ರಾಜನಾದವನು ಇಷ್ಟು ಶ್ರದ್ಧೆಯಿಂದ ಆಟಗಳನ್ನು ವಿವರಿಸಿದ್ದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಆಟ ಕಟ್ಟುವುದು ಸುಲಭದ ಕೆಲಸವಲ್ಲ. ಅದೃಷ್ಟಕ್ಕೆ ಎಷ್ಟು ಜಾಗ ಬಿಡಬೇಕು, ಗುರಿ ಎಷ್ಟು ಕಠಿಣವಾಗಿರಬೇಕು, ಎದುರಾಳಿಗಳನ್ನು ಹೇಗೆ ಸರಿದೂಗಿಸಬೇಕು ಎಂಬ ಮೂರು ಪ್ರಶ್ನೆಗಳಿಗೆ ಪ್ರತಿ ಆಟವೂ ಉತ್ತರ ಕೊಡಲೇಬೇಕು. ಇಂದು ಅಂತರ್ಜಾಲದಲ್ಲಿ ಸಾವಿರಾರು ಜನ ಒಟ್ಟಿಗೆ ಆಡುವ ಆಟಗಳನ್ನು ತಯಾರಿಸುವವರು ತಲೆ ಕೆಡಿಸಿಕೊಳ್ಳುವುದೂ ಇವೇ ಮೂರು ಪ್ರಶ್ನೆಗಳಿಗೆ.

ನಾಲ್ಕು ಕವಡೆಗಳ ಲೆಕ್ಕ

ಮೊದಲು ಅದೃಷ್ಟದ ಮಾತು. ಮನೆಯ ಪಡಸಾಲೆಯಲ್ಲಿ, ಗುಡಿಯ ಕಟ್ಟೆಯ ಮೇಲೆ ಕರ್ನಾಟಕದ ಉದ್ದಕ್ಕೂ ಆಡುತ್ತ ಬಂದಿರುವ ಚೌಕಾಬಾರವನ್ನು ತೆಗೆದುಕೊಳ್ಳಬಹುದು. ನಾಲ್ಕು ಕವಡೆಗಳನ್ನು ಎಸೆದಾಗ ಎಷ್ಟು ಕವಡೆ ಬಾಯಿ ಮೇಲಾಗಿ ಬೀಳುತ್ತವೋ ಅಷ್ಟು ಮನೆ ಕಾಯಿ ನಡೆಯುತ್ತದೆ. ನಾಲ್ಕೂ ಅಂಗಾತ ಬಿದ್ದರೆ ನಾಲ್ಕು, ನಾಲ್ಕೂ ಬೋರಲು ಬಿದ್ದರೆ ಎಂಟು. ಈ ಎರಡು ಗರಗಳಿಗೆ ಮತ್ತೊಂದು ಪಾಳಿಯೂ ಸಿಗುತ್ತದೆ.

ಕವಡೆ ಎರಡೂ ಕಡೆಗೆ ಸಮನಾಗಿ ಬೀಳುತ್ತದೆಂದು ಇಟ್ಟುಕೊಂಡರೆ ನಾಲ್ಕು ಕವಡೆಗಳು ಬೀಳುವ ರೀತಿಗಳು ಒಟ್ಟು 16. ಅದರಲ್ಲಿ ಎರಡು ಬೀಳುವುದು 6 ರೀತಿಯಲ್ಲಿ, ಒಂದು ಮತ್ತು ಮೂರು ತಲಾ 4 ರೀತಿಯಲ್ಲಿ, ನಾಲ್ಕು ಮತ್ತು ಎಂಟು ತಲಾ ಒಂದೇ ರೀತಿಯಲ್ಲಿ. ಹಳ್ಳಿಯ ಮುದುಕಿಗೆ ಈ ಲೆಕ್ಕ ಬಾರದಿರಬಹುದು. ಆದರೆ ಅಪರೂಪದ ಗರಕ್ಕೆ ಹೆಚ್ಚು ಫಲ ಎಂಬ ನಿಯಮ ಮಾಡಿದವರಿಗೆ ಅದರ ಅಂದಾಜು ಚೆನ್ನಾಗಿಯೇ ಇತ್ತು. ಸೋಲುತ್ತಿರುವವನು ಒಂದು ಎಂಟು ಬಿದ್ದರೆ ಮತ್ತೆ ಚೇತರಿಸಿಕೊಳ್ಳಬಲ್ಲ. ಆದ್ದರಿಂದಲೇ ಅಜ್ಜಿ ಮತ್ತು ಎಂಟು ವರ್ಷದ ಮೊಮ್ಮಗ ಎದುರುಬದುರು ಕುಳಿತು ಈ ಆಟ ಆಡಬಲ್ಲರು. ಚದುರಂಗದಲ್ಲಿ ಅದು ಸಾಧ್ಯವಿಲ್ಲ.

ನಿಜವಾದ ಕವಡೆ ಹೀಗೆ ಸರಿಸಮನಾಗಿ ಬೀಳುವುದಿಲ್ಲ. ಅದರ ಒಂದು ಬದಿ ಉಬ್ಬು, ಇನ್ನೊಂದು ಚಪ್ಪಟೆ. ಆದರೂ ಆಟಕ್ಕೆ ಅನ್ಯಾಯವಾಗುವುದಿಲ್ಲ. ಏಕೆಂದರೆ ಎಲ್ಲರೂ ಎಸೆಯುವುದು ಅವೇ ನಾಲ್ಕು ಕವಡೆಗಳನ್ನು. ಕವಡೆಯ ಓರೆ ಎಲ್ಲರಿಗೂ ಒಂದೇ. ಇದನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ವಿಷಯ ಸ್ಪಷ್ಟವಾಗುತ್ತದೆ.

ಇಂದಿನ ಆನ್‌ಲೈನ್ ಸಾಹಸ ಆಟಗಳಲ್ಲಿ 'ಕ್ವೆಸ್ಟ್' ಎಂಬ ಕಾರ್ಯಗಳಿರುತ್ತವೆ. ಒಂದು ಕಾಡುಪ್ರಾಣಿಯನ್ನು ಕೊಂದು ಅದರ ಕೋರೆಹಲ್ಲು ತಂದುಕೊಡು ಎಂಬಂಥದು. ಕೊಂದಾಗಲೆಲ್ಲ ಹಲ್ಲು ಸಿಗುವುದಿಲ್ಲ. ಹತ್ತರಲ್ಲಿ ಒಂದು ಸಲ ಸಿಗುವಂತೆ ಲೆಕ್ಕ ಇಟ್ಟಿರುತ್ತಾರೆ ಎನ್ನೋಣ. ಹತ್ತು ಸಲ ಪ್ರಯತ್ನಿಸಿದರೆ ಒಂದಾದರೂ ಸಿಕ್ಕೇ ಸಿಗುತ್ತದೆಂದು ಬಹಳ ಮಂದಿ ಭಾವಿಸುತ್ತಾರೆ. ಅದು ತಪ್ಪು. ನೂರು ಜನ ತಲಾ ಹತ್ತು ಸಲ ಪ್ರಯತ್ನಿಸಿದರೆ ಸುಮಾರು 35 ಜನ ಬರಿಗೈಯಲ್ಲಿರುತ್ತಾರೆ. ಇಪ್ಪತ್ತು ಸಲದ ಬಳಿಕವೂ 12 ಜನರಿಗೆ ಏನೂ ದಕ್ಕಿರುವುದಿಲ್ಲ. ಹನ್ನೊಂದನೆಯ ಸಲ ಸಿಗಲೇಬೇಕೆಂಬ ನಿಯಮವಿಲ್ಲ. ಹಿಂದಿನ ಸೋಲು ದಾಳಕ್ಕೆ ನೆನಪಿರುವುದಿಲ್ಲ. ಆಟಗಾರರ ಬೇಸರ ಕಂಡು ಕೆಲವು ಆಟಗಳ ತಯಾರಕರು ದಾಳಕ್ಕೆ ನೆನಪು ಕೊಟ್ಟಿದ್ದಾರೆ. 'ವಾರ್‌ಕ್ರಾಫ್ಟ್ 3', 'ಡೋಟಾ 2' ಆಟಗಳಲ್ಲಿ ಕೆಲವು ಏಟುಗಳ ಸಂಭವ ಪ್ರತಿ ಸೋಲಿನ ನಂತರ ಸ್ವಲ್ಪ ಸ್ವಲ್ಪವೇ ಏರುತ್ತದೆ.

ಕಷ್ಟದ ಹದ

ಎರಡನೆಯದು ಕಾಠಿಣ್ಯ. ಸೋಮೇಶ್ವರನ ಕ್ರೀಡೆಗಳಲ್ಲಿ ಒಗಟಿಗೂ ಸ್ಥಾನವಿರುವುದು ಅರ್ಥಪೂರ್ಣ. ಕೇಳಿದ ಕೂಡಲೇ ಬಿಡಿಸಬಹುದಾದ ಒಗಟು ರುಚಿಸುವುದಿಲ್ಲ, ಎಂದೂ ಬಿಡಿಸಲಾಗದ್ದು ಒಗಟೇ ಅಲ್ಲ. ಚೌಕಾಬಾರದಲ್ಲಿಯೂ ಈ ಹದವಿದೆ. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬ ಕಟ್ಟಳೆ ಅನೇಕ ಊರುಗಳಲ್ಲಿದೆ. ಗುರುತು ಹಾಕಿದ ಕಟ್ಟೆಮನೆಯಲ್ಲಿ ಕುಳಿತ ಕಾಯನ್ನು ಯಾರೂ ಮುಟ್ಟುವಂತಿಲ್ಲ. ಹೀಗೆ ಒಂದು ನಿಯಮ ಧೈರ್ಯ ಮಾಡಲು ದೂಡುತ್ತದೆ, ಇನ್ನೊಂದು ಆಸರೆ ಕೊಡುತ್ತದೆ. ಕೊನೆಗೆ ಹಣ್ಣಾಗಲು ಸರಿಯಾದ ಗರವೇ ಬೀಳಬೇಕು. ಮುಂದೆ ಇದ್ದವನು ಒಂದು ಮನೆಗಾಗಿ ಕಾಯುತ್ತಿರುವಾಗ ಹಿಂದಿದ್ದವನು ಬಂದು ಸೇರಿಕೊಳ್ಳುತ್ತಾನೆ. ಕಷ್ಟ ಹೆಚ್ಚುವುದು ಗೆಲ್ಲುತ್ತಿರುವವನಿಗೆ ಎಂಬುದು ಇಲ್ಲಿನ ಜಾಣತನ.

ಜೋಡಿ ಹಚ್ಚುವ ಕೆಲಸ

ಮೂರನೆಯದು ಪಕ್ಷಗಳ ಸಮತೋಲ. ಮಾನಸೋಲ್ಲಾಸದ ಮಲ್ಲವಿನೋದದಲ್ಲಿ ಮಲ್ಲರನ್ನು ವಯಸ್ಸು, ಬಲ, ಪರಿಣತಿಗಳನ್ನು ನೋಡಿ ಜ್ಯೇಷ್ಠಿಕ, ಅಂತರಜ್ಯೇಷ್ಠಿಕ ಮುಂತಾಗಿ ದರ್ಜೆಗಳಲ್ಲಿ ವಿಂಗಡಿಸಲಾಗಿದೆ. ಇದರ ಉದ್ದೇಶ ಸರಳ. ಸರಿಜೋಡಿಯಲ್ಲದ ಕಾಳಗ ನೋಡುವವರಿಗೆ ಬೇಸರ, ಸೋಲುವವನಿಗೆ ಅಪಾಯ. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯಂಥ ದೊಡ್ಡ ಜಾತ್ರೆಗಳ ಈ ಸೀಮೆಯಲ್ಲಿ ಜಂಗಿ ಕುಸ್ತಿ ನೋಡಿದವರಿಗೆ ಈ ಮಾತು ಹೊಸದಲ್ಲ. ಕಣದಲ್ಲಿ ಪೈಲ್ವಾನರನ್ನು ನಿಲ್ಲಿಸಿ, ಮೈಕಟ್ಟು ನೋಡಿ, ಹೆಗಲಿಗೆ ಹೆಗಲು ಹಚ್ಚಿ ಹಿರಿಯರು ಜೋಡಿ ಹಚ್ಚುತ್ತಾರೆ. ಜೋಡಿ ತಪ್ಪಿದರೆ ಪ್ರೇಕ್ಷಕರೇ ಕೂಗೆಬ್ಬಿಸುತ್ತಾರೆ.

ಇಬ್ಬರ ನಡುವೆ ಜೋಡಿ ಹಚ್ಚುವುದು ಸುಲಭ. ಪಕ್ಷ ಪಕ್ಷಗಳ ನಡುವೆ ಅದು ಕಷ್ಟ. 2004ರಲ್ಲಿ ಬಂದ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಆಟದಲ್ಲಿ ಅಲಯನ್ಸ್, ಹೋರ್ಡ್ ಎಂಬ ಎರಡು ಪಕ್ಷಗಳಿವೆ. ಆಟಗಾರ ತನಗೆ ಬೇಕಾದ ಪಕ್ಷ ಸೇರಬಹುದು. ಜನ ಗೆಲ್ಲುವ ಕಡೆಗೇ ವಾಲುವುದರಿಂದ ಒಂದು ಪಕ್ಷ ಉಬ್ಬುತ್ತದೆ, ಇನ್ನೊಂದು ಸೊರಗುತ್ತದೆ. ಸೊರಗಿದ ಪಕ್ಷದವನು ತನ್ನ ಕ್ವೆಸ್ಟ್ ಮುಗಿಸಲು ಹೊರಟಲ್ಲೆಲ್ಲ ಶತ್ರುಗಳ ಗುಂಪೇ ಎದುರಾಗುತ್ತದೆ. ಕಾಗದದ ಮೇಲೆ ಕಾರ್ಯ ಒಂದೇ, ಆದರೆ ಕಷ್ಟ ಬೇರೆ ಬೇರೆ. ಈ ಓರೆ ತಿದ್ದಲು 2018ರಲ್ಲಿ ಸಂಖ್ಯೆಯಲ್ಲಿ ಕಡಿಮೆ ಇರುವ ಪಕ್ಷಕ್ಕೆ ಹೆಚ್ಚಿನ ಪ್ರತಿಫಲ ಕೊಡುವ ಏರ್ಪಾಡನ್ನು ಆ ಆಟದಲ್ಲಿ ತರಲಾಯಿತು.

ನಾಲ್ವರ ಆಟಕ್ಕೆ ಇಂಥ ಏರ್ಪಾಡು ಅಷ್ಟಾಗಿ ಬೇಕಾಗುವುದಿಲ್ಲ. ಸೋಮೇಶ್ವರನಿಗಿಂತ ಸುಮಾರು ನೂರು ವರ್ಷ ಮೊದಲೇ ಅಲ್‌ಬಿರೂನಿ ಭಾರತದಲ್ಲಿ ನಾಲ್ವರು ದಾಳ ಹಾಕಿ ಆಡುವ ಚದುರಂಗವನ್ನು ವರ್ಣಿಸಿದ್ದಾನೆ. ನಾಲ್ವರಿದ್ದಾಗ ಒಬ್ಬ ಮುಂದೆ ಹೋದರೆ ಉಳಿದ ಮೂವರ ಕಣ್ಣು ಅವನ ಮೇಲೇ ಬೀಳುತ್ತದೆ. ಚೌಕಾಬಾರದಲ್ಲಿಯೂ ಹಾಗೆಯೇ. ಯಾರೂ ಒಪ್ಪಂದ ಮಾಡಿಕೊಳ್ಳದಿದ್ದರೂ ಸಮತೋಲ ತಾನಾಗಿ ಉಂಟಾಗುತ್ತದೆ.

ಕವಡೆ ಯಾರ ಕೈಯಲ್ಲಿದೆ?

ಇಲ್ಲಿಯವರೆಗೆ ಹಳೆಯ ಆಟ, ಹೊಸ ಆಟಗಳ ನಡುವೆ ಹೋಲಿಕೆಯೇ ಹೆಚ್ಚು. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಕಟ್ಟೆಯ ಮೇಲೆ ಕವಡೆ ಬೀಳುವುದು ಎಲ್ಲರ ಕಣ್ಣೆದುರು. ಫೋನಿನ ಆಟದಲ್ಲಿ ದಾಳ ಬೀಳುವುದು ಎಲ್ಲೋ ದೂರದ ಯಂತ್ರದೊಳಗೆ. ಇಬ್ಬರಿಗೂ ಒಂದೇ ಕವಡೆ ಸಿಕ್ಕಿದೆಯೋ, ಹಣ ಕೊಟ್ಟವನಿಗೆ ಒಂದು, ಕೊಡದವನಿಗೆ ಇನ್ನೊಂದೋ ಎಂದು ಆಡುವವನು ತಿಳಿಯುವಂತಿಲ್ಲ.

ನಳನ ಕಥೆ ಕೇಳಿದವರಿಗೆ ಈ ಅಳುಕು ಗೊತ್ತು. ಪಗಡೆಯಾಡಿ ರಾಜ್ಯ ಕಳೆದುಕೊಂಡ ನಳ, ತಾರೆಮರದ ಎಲೆ ಕಾಯಿಗಳನ್ನು ನೋಟಮಾತ್ರದಿಂದ ಎಣಿಸಿ ಹೇಳಿದ ಋತುಪರ್ಣನಿಂದ ಅಕ್ಷಹೃದಯವೆಂಬ ವಿದ್ಯೆ ಪಡೆದ ಮೇಲೆಯೇ ಮತ್ತೆ ಆಡಿ ಗೆದ್ದ. ದಾಳದ ಒಳಗುಟ್ಟು ಎದುರಾಳಿಗೆ ಮಾತ್ರ ಗೊತ್ತಿದ್ದರೆ ಅದು ಆಟವಾಗುವುದಿಲ್ಲ ಎಂಬುದೇ ಅದರ ಸಾರ.

ಸರ್ಕಾರಗಳೂ ಈಗ ಇದೇ ಪ್ರಶ್ನೆ ಎದುರಿಸುತ್ತಿವೆ. ಆಟದೊಳಗೆ ಹಣ ಕೊಟ್ಟು ಕೊಳ್ಳುವ ಅದೃಷ್ಟದ ಪೆಟ್ಟಿಗೆಗಳಲ್ಲಿ ಯಾವ ವಸ್ತು ಎಷ್ಟು ಸಲಕ್ಕೊಮ್ಮೆ ಸಿಗುತ್ತದೆಂದು ಬಹಿರಂಗಪಡಿಸಬೇಕೆಂಬ ನಿಯಮ ಚೀನಾದಲ್ಲಿ 2017ರ ಮೇ ತಿಂಗಳಿಂದ ಜಾರಿಗೆ ಬಂತು. 2018ರಲ್ಲಿ ಬೆಲ್ಜಿಯಂ ಅಂಥ ಪೆಟ್ಟಿಗೆಗಳನ್ನು ಜೂಜೆಂದೇ ಪರಿಗಣಿಸಿತು. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತ್ತು. ಕೌಶಲದ ಆಟಕ್ಕೂ ಅದೃಷ್ಟದ ಆಟಕ್ಕೂ ಇರುವ ಅಂತರದ ಮೇಲೆ ವಾದ ನಡೆದು, 2022ರ ಫೆಬ್ರುವರಿಯಲ್ಲಿ ಹೈಕೋರ್ಟು ಆ ನಿಷೇಧವನ್ನು ತೆಗೆದುಹಾಕಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಆ ಅಂತರವನ್ನೇ ಬದಿಗಿಟ್ಟಿತು. ಕೌಶಲವಿರಲಿ, ಅದೃಷ್ಟವಿರಲಿ, ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟ ಕೂಡದು ಎಂಬುದು ಅದರ ನಿಲುವು.

ಆದರೆ ಹಣದ ಪಣವಿಲ್ಲದ ಆಟದಲ್ಲಿಯೂ ಆಡುವವನ ಹೊತ್ತು ಪಣವಾಗಿರುತ್ತದೆ. ಸಿಗದ ಕೋರೆಹಲ್ಲಿಗಾಗಿ ಹುಡುಗನೊಬ್ಬ ರಾತ್ರಿಯಿಡೀ ಎಚ್ಚರವಿದ್ದರೆ ಅವನು ಕಳೆದುಕೊಂಡದ್ದನ್ನು ಯಾವ ಕಾಯ್ದೆಯೂ ಲೆಕ್ಕ ಹಾಕುವುದಿಲ್ಲ. ಅವನಿಗೆ ಬೈಗುಳಕ್ಕಿಂತ ಹೆಚ್ಚು ಉಪಯೋಗವಾಗುವುದು ಲೆಕ್ಕ. ನಾಲ್ಕು ಕವಡೆ ಕೊಟ್ಟು ನೂರು ಸಲ ಎಸೆಯಲು ಹೇಳಿ, ಎಂಟು ಎಷ್ಟು ಸಲ ಬಿತ್ತೆಂದು ಬರೆಸಿದರೆ ಸಾಕು. ಅಪರೂಪವೆಂದರೆ ಎಷ್ಟು ಅಪರೂಪ ಎಂಬುದು ಅವನ ಕೈಗೇ ತಿಳಿಯುತ್ತದೆ. ಆಮೇಲೆ ಅವನು ಫೋನಿನ ಆಟದ ಮುಂದೆ ಕುಳಿತಾಗ, ಇಲ್ಲಿ ಕವಡೆ ಯಾರ ಕೈಯಲ್ಲಿದೆ ಎಂದು ಕೇಳಿಯೇ ಕೇಳುತ್ತಾನೆ.